ಕುರ್ಚಿಯ ವಿರುದ್ಧ ವಕಾಲತ್ತು

ಗೊತ್ತಿಲ್ಲದ ಇಂಗ್ಲಿಷ್ ಮಾತಿನ ಅರ್ಥ ಕೇಳಿ ಮರ್ಯಾದೆ ಕಳೆದುಕೊಳ್ಳುವ ಕುಳ ತಾನಲ್ಲವೆಂದು ವಿರೂಪಾಕ್ಷ ನೌಕರಿಗೆಂದು ನೆದರ್ಲೆಂಡ್ಸಿನ ಕಾಪೆಲ್ಲೆಗೆ ಬಂದ ದಿನವೇ ಶಪಥ ಮಾಡಿದ್ದ. ಅರ್ಥವಾಗದ್ದಕ್ಕೆಲ್ಲ ಅವನಲ್ಲಿ ಒಂದೇ ಸರಕು: ‘ಅಬ್ಸಲ್ಯೂಟ್ಲಿ!’ ಎರಡು ವರ್ಷ ಅದು ಎಲ್ಲ ಕಡೆ ಸಲೀಸಾಗಿ ಖರ್ಚಾಯಿತು.

ಆಮೇಲೆ ಲಾಕ್‌ಡೌನ್ ಬಂದು ಆಫೀಸು ಮನೆಗೇ ನುಗ್ಗಿತು. ಊಟದ ಮೇಜಿನ ಮರದ ಕುರ್ಚಿಯಲ್ಲಿ ಒಂಬತ್ತು ತಿಂಗಳು ಕೂತು ವಿರೂಪಾಕ್ಷನ ಬೆನ್ನು ಪ್ರಶ್ನಾರ್ಥಕ ಚಿಹ್ನೆಯಾಯಿತು. ಆಗಲೇ ಮ್ಯಾನೇಜರ್ ಮರೈಕೆ, ಎಲ್ಲರ ಮನೆಗೂ ಕಂಪನಿಯೇ ಒಳ್ಳೆಯ ಕುರ್ಚಿ ಕಳಿಸಬೇಕೆಂಬ ಪ್ರಸ್ತಾಪ ತಂದಳು. ಶುಕ್ರವಾರ ಅದು ನಿರ್ದೇಶಕರ ಮುಂದೆ ಬರಲಿತ್ತು. ಅಂದು ನೀನು ಡೆವಿಲ್ಸ್ ಅಡ್ವೊಕೇಟ್ ಆಗುತ್ತೀಯಾ ಎಂದು ಅವಳು ವಿರೂಪಾಕ್ಷನನ್ನು ವಿಡಿಯೋದಲ್ಲಿ ಕೇಳಿದಳು. ಸೊಂಟ ಹಿಡಿದುಕೊಂಡೇ ಅಬ್ಸಲ್ಯೂಟ್ಲಿ ಅಂದುಬಿಟ್ಟ.

ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಮಗಳು ಶರಣ್ಯಾ ಅರ್ಥ ಬಿಡಿಸಿದಳು: ಹುಳುಕು ಹೊರಬರಲೆಂದು, ಬೇಕೆಂದೇ ಎದುರು ವಾದ ಹೂಡುವವನು.

ವಿರೂಪಾಕ್ಷ ಮುಚ್ಚಿದ ಲ್ಯಾಪ್‌ಟಾಪನ್ನೇ ದಿಟ್ಟಿಸಿದ. ಕುರ್ಚಿ ಬೇಕಾದವನೂ ತಾನೇ, ಬೇಡವೆನ್ನಬೇಕಾದವನೂ ತಾನೇ! ಆಗುವುದಿಲ್ಲವೆಂದರೆ ತಿಳಿಯದೆ ತಲೆಯಾಡಿಸಿದ್ದು ಬಯಲಾಗುತ್ತದೆ. ಮೂರು ದಿನ ಅನ್ನ ಸೇರಲಿಲ್ಲ. ಕೊನೆಗೆ ಹೆಂಡತಿ ಸ್ಮಿತಾ ದಾರಿ ತೋರಿಸಿದಳು.

“ಅದಕ್ಯಾಕಿಷ್ಟು ಚಿಂತಿ? ಬಾಯಿಗೆ ಬಂದದ್ದು ಒದರಿ ಸೋತು ಬರ್ರಿ. ದಿನಾ ನನ್ನ ಮುಂದ ರೂಢಿ ಆಗೇದಲ್ಲ.”

ಶುಕ್ರವಾರ ವಿರೂಪಾಕ್ಷ ಸೋಲಲೆಂದೇ ಕೂತ. ಇದಕ್ಕಿಂತ ಪೊಳ್ಳು ವಾದ ಇನ್ನಿಲ್ಲವೆಂದು ಮಾವನವರನ್ನೇ ಎಳೆತಂದ. ಇಳಕಲ್ಲಿನಲ್ಲಿ ಅವರು ನಲವತ್ತು ವರ್ಷ ಅಂಗಡಿಯ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡೇ ಸೀರೆ ಮಾರಿದವರು, ಒಂದು ದಿನವೂ ಬೆನ್ನುನೋವೆಂದವರಲ್ಲ, ಮತ್ತೆ ಕುರ್ಚಿ ಯಾತಕ್ಕೆ ಎಂದ.

ನಿರ್ದೇಶಕರು ಕ್ಯಾಮೆರಾದತ್ತ ಬಾಗಿದರು. ಗಾದಿ ಎಷ್ಟು ದಪ್ಪ ಎಂದು ಕೇಳಿ ಬರೆದುಕೊಂಡರು. ಕುರ್ಚಿಯಿಂದಲೂ ಲಾಭವಿದೆ ಎಂದು ವಿರೂಪಾಕ್ಷ ತೊದಲಿದಾಗ, ಒಳ್ಳೆಯ ವಕೀಲ ನಡುವೆ ಕಕ್ಷಿ ಬದಲಿಸಬಾರದೆಂದು ಮರೈಕೆಯೇ ನಗುತ್ತ ತಡೆದಳು.

ಮುಂದಿನ ವಾರ ಪಾರ್ಸೆಲ್ ಬಂತು. ಕುರ್ಚಿಯ ಬದಲು, ನೆಲದ ಮೇಲೆ ಕೂರಲು ಸಿಬ್ಬಂದಿಗೆಲ್ಲ ಒಂದೊಂದು ದಿಂಬು! ಜೊತೆಗೆ, ಇಂಥ ಉಪಾಯ ಕೊಟ್ಟ ಮಾವನವರಿಗೆ ಕಂಪನಿಯ ಕೃತಜ್ಞತೆಗಳೆಂಬ ಚೀಟಿ.

ಸ್ಮಿತಾ ತಂದೆಗೆ ಫೋನು ಹಚ್ಚಿ, ಚೀಟಿ ಓದಿ ಹೇಳಿ, ಫೋನನ್ನು ಗಂಡನ ಕೈಗಿತ್ತಳು. ಅತ್ತಲಿಂದ ಮಾವನವರ ದನಿ ಸಂಕೋಚದಿಂದ ಬಂತು.

“ಸೊಂಟ ಹಿಡ್ಕೊಂತು ಅಂತ ಗಾದಿ ತಗಿಸಿ ಆರು ತಿಂಗಳಾತ್ರೀ ಅಳಿಯಂದ್ರ. ಈಗ ಕುರ್ಚಿ ಮ್ಯಾಲ ಕೂಡ್ತೀನಿ. ನಿಮಗೂ ಒಂದು ಕಳಿಸ್ಲೇನು?”