ಹತ್ತೊಂಬತ್ತು ಪಾಯಿಂಟು ಎಲ್ಲಿ ಹೋದವು?

ವೇಳೆ: ರವಿವಾರ, ಸಂಜೆ ನಾಲ್ಕು. ಹವೆ: ಬಿಸಿಲು, ಗಾಳಿ ಇಲ್ಲ. ಸ್ಥಳ: ರಾಮದುರ್ಗ, ನನ್ನ ಮನೆಯ ಪಡಸಾಲೆ. ಹಾಜರಿದ್ದವರು: ನಿವೃತ್ತ ಮುಖ್ಯಾಧ್ಯಾಪಕನಾದ ನಾನು, ಎದುರು ಮನೆಯ ಅಕ್ಕೋರು (ನಿವೃತ್ತ ಹೊಲಿಗೆ ಶಿಕ್ಷಕಿ), ದನದ ದವಾಖಾನೆಯ ಕಂಪೌಂಡರು, ನನ್ನ ಮಾಳಿಗೆಯಲ್ಲಿ ಬಾಡಿಗೆಗಿದ್ದ, ಮೈಸೂರು ಕಡೆಯಿಂದ ವರ್ಗವಾಗಿ ಬಂದ ತರುಣ ಬ್ಯಾಂಕ್ ಅಧಿಕಾರಿ. ಒಟ್ಟು ನಾಲ್ವರು.

ಶಿಸ್ತಿನ ಮನೆಯಲ್ಲಿ ನಗೆಪಾಟಲು ನಡೆಯಬಾರದು. ಎರಡು ಸಾವಿರದ ಇಸವಿ ದಾಟಿದ ಮೇಲಿನ ಆ ಒಂದು ಬೇಸಿಗೆಯಲ್ಲಿ ಮಾತ್ರ ರವಿವಾರಕ್ಕೊಂದರಂತೆ ನಡೆಯಿತು. ಕಾರಣ, ತರುಣನು ಕಾಲೇಜಿನ ವಸತಿಗೃಹದಿಂದ ಕಲಿತು ತಂದ ಒಂದು ಆಟ. ಅವನು ಕಥೆ ಹೇಳುವುದು. ನಾವು ಒಬ್ಬೊಬ್ಬರು ಒಬ್ಬ ವೀರನಾಗಿ, ಏನು ಮಾಡುತ್ತೇವೆಂದು ಬಾಯಿಂದ ಹೇಳುವುದು. ಗೆಲುವು ಸೋಲನ್ನು ದಾಳ ಹೇಳುವುದು. ಪ್ರತಿ ವೀರನಿಗೂ ಇಪ್ಪತ್ತು ‘ಹಿಟ್ ಪಾಯಿಂಟು’. ಪೆಟ್ಟು ಬಿದ್ದಂತೆ ತಂತಮ್ಮ ಲೆಕ್ಕದಿಂದ ಕಳೆಯಬೇಕು. ಸೊನ್ನೆಯಾದರೆ ಸತ್ತ.

ನಾನು ಇದಕ್ಕೆ ಒಪ್ಪಿದ ಕಾರಣ ಸರಳ. ಹೆಂಡತಿ ತೀರಿಕೊಂಡ ಮೇಲೆ ಪಡಸಾಲೆಯ ನಾಲ್ಕು ಕುರ್ಚಿಗಳಲ್ಲಿ ಮೂರನ್ನು ನಾನು ಬರಿದೇ ಒರೆಸುತ್ತಿದ್ದೆ. ಇದನ್ನು ಯಾರಿಗೂ ಹೇಳಿರಲಿಲ್ಲ.

೧. ಕರಡಿ

ಕಥೆ ನಡೆಯುತ್ತಿದ್ದುದು ನಮ್ಮೂರ ಹತ್ತಿರದ ತೊರಗಲ್ಲಿನ ಕೋಟೆಯಲ್ಲಿ. ಮೊದಲ ದಿನವೇ ನನ್ನ ವೀರನ ಮೇಲೆ ಕರಡಿ ಬಿತ್ತು. ಹತ್ತೊಂಬತ್ತು ಹೋದವು.

“ಇವನನ್ನು ಮಲಗಿಸಿ. ವೈದ್ಯಕೀಯ ರಜೆ ಕೊಡಿ” ಎಂದೆ.

“ಬೇಡ ಸರ್. ಒಂದು ಉಳಿದ್ರೆ ಸಾಕು. ಇಪ್ಪತ್ತಿದ್ದಾಗ ಹೇಗೆ ಓಡ್ತಿದ್ದನೋ ಹಾಗೇ ಓಡ್ತಾನೆ, ಹಾಗೇ ಕತ್ತಿ ಬೀಸ್ತಾನೆ” ಎಂದ ತರುಣನು.

“ಹಾಗಾದರೆ ಹತ್ತೊಂಬತ್ತು ಎಲ್ಲಿ ಹೋದವು?”

ಕಂಪೌಂಡರು ನನ್ನ ಪಕ್ಷ ವಹಿಸಿದರು. “ಖರೇ ಐತಿ. ಮೈತುಂಬ ಪರಚಿಸಿಕೊಂಡು ಕುಂಟದ ಇರೂ ಪ್ರಾಣಿ ನಾ ಒಂದೂ ನೋಡಿಲ್ರಿ.”

ತರುಣನು ವಿವರಿಸಿದ: “ಅದು ರಕ್ತ ಅಲ್ಲ. ದಮ್ಮು, ಧೈರ್ಯ, ಅದೃಷ್ಟ. ಬೀಳೋದನ್ನ ಮುಂದೂಡೋ ಶಕ್ತಿ. ಮೈಗೆ ನಿಜವಾಗಿ ತಗಲೋದು ಕೊನೇ ಪೆಟ್ಟು ಮಾತ್ರ. ಅಲ್ಲೀವರೆಗೆ ಹೊರಗಿನವರಿಗೆ ಏನೂ ಕಾಣಲ್ಲ.”

ವ್ಯಾಖ್ಯೆ ನನಗೆ ಅಶಿಸ್ತಿನದೆನಿಸಿತು. ಕಂಪೌಂಡರಿಗೆ ಹಿಡಿಸಿತು. “ಅಂದ್ರ ಕರಡಿ ಬರೇ ಅಂಜಿಸಿ ಹೋತು ಅನ್ರಿ. ನಮ್ಮ ಸರ್ ವರ್ಗದಾಗ ಕಾಲಿಟ್ರ ಹುಡುಗೂರಿಗೆ ಇಷ್ಟs ಪಾಯಿಂಟ್ ಹೋಗ್ತಿದ್ವು.”

೨. ರೊಟ್ಟಿ

ಮತ್ತೊಂದು ರವಿವಾರ ಅಕ್ಕೋರ ವೀರವನಿತೆಗೆ ಹನ್ನೆರಡು ನಷ್ಟವಾದವು. ಅಕ್ಕೋರು ತಂದಿದ್ದ ಬುಟ್ಟಿ ಬಿಚ್ಚಿದರು: ಜೋಳದ ರೊಟ್ಟಿ, ಝುಣಕ.

“ನನ್ನ ಹೆಣ್ಮಗಳು ಎರಡು ರೊಟ್ಟಿ ತಿಂದಳು. ಪಾಯಿಂಟ್ ಏರಸ್ರಿ.”

“ಊಟದಿಂದ ಏರಲ್ಲ ಅಕ್ಕೋರೇ. ಮದ್ದಿನ ಕುಪ್ಪಿಯಿಂದ ಮಾತ್ರ. ಅದು ಕಂಪೌಂಡರ್ ಹತ್ರ ಒಂದೇ ಇದೆ.”

“ದಮ್ಮು, ಧೈರ್ಯ ಅಂದವರು ನೀವs. ಉಪವಾಸ ಇದ್ದಾಕಿಗೆ ಧೈರ್ಯ ಎಲ್ಲಿಂದ ಬರ್ತದ?”

ಅಕ್ಕೋರು ಬುಟ್ಟಿಗೆ ಅರಿವೆ ಮುಚ್ಚಿ ತೊಡೆಯ ಮೇಲಿಟ್ಟುಕೊಂಡರು. ಖಾನಾವಳಿಯಲ್ಲಿ ಉಣ್ಣುವ ತರುಣನು ಬುಟ್ಟಿಯನ್ನು ನೋಡಿದ, ನಿಯಮವನ್ನು ತಿದ್ದಿದ. ರೊಟ್ಟಿಗೆ ಎರಡು ಪಾಯಿಂಟು. ಆದರೆ ವೀರ ತಿನ್ನಬೇಕಾದರೆ ಆಡುವವನೂ ತಿನ್ನಬೇಕು. ಹೊತ್ತಲ್ಲದ ಹೊತ್ತಿನಲ್ಲಿ ತಿನ್ನುವುದು ನನ್ನ ಪದ್ಧತಿಯಲ್ಲ. ನಾನು ತಿನ್ನಲಿಲ್ಲ. ಕಂಪೌಂಡರ ವೀರ ಮಾತ್ರ ಆ ದಿನ ಇಪ್ಪತ್ತೇಳಕ್ಕೆ ಏರಿದ.

“ಇಪ್ಪತ್ತನ್ನು ಮೀರುವಂತಿಲ್ಲ” ಎಂದು ಆಕ್ಷೇಪಿಸಿದೆ.

“ಝುಣಕದ್ದು ಬ್ಯಾರೆ ಹಿಡದೇನ್ರಿ ಸರ್.”

೩. ಬಾವಲಿ

ಬೇಸಿಗೆಯ ಕೊನೆಗೆ ತರುಣನು ಬಂದವನೇ, “ಸವದತ್ತಿಗೆ ವರ್ಗ ಆಯ್ತು ಸರ್. ಇವತ್ತೇ ಕೊನೇ ಆಟ” ಎಂದ.

“ಒಳ್ಳೆಯದು. ಅಲ್ಲಿಯೂ ವೇಳೆಗೆ ಸರಿಯಾಗಿ ಹಾಜರಾಗಿ.”

“ನಿಮಗೂ ರವಿವಾರದ ಗದ್ದಲ ತಪ್ತು.”

“ಹೌದು” ಎಂದೆ. ಧ್ವನಿ ಸರಿಯಾಗಿಯೇ ಇತ್ತು.

ಆಟ ಆರಂಭವಾಯಿತು. ಕೋಟೆಯ ಕತ್ತಲೆ ಕೋಣೆಗೆ ಎಂದಿನಂತೆ ನನ್ನ ವೀರನೇ ಮೊದಲು ಹೊಕ್ಕ. ತರುಣನು ದಾಳ ಉರುಳಿಸಿದ.

“ಒಂದು ಬಾವಲಿ ರೆಕ್ಕೆ ಬಡೀತು. ಏನೂ ಇಲ್ಲ ಸರ್, ಒಂದು ಕಳೀರಿ.”

“ಸತ್ತ.”

“ಬಾವಲಿಯಾ?”

“ನನ್ನ ವೀರ.”

ಕಂಪೌಂಡರು ಕುರ್ಚಿಯಿಂದ ಜಾರುವಷ್ಟು ನಕ್ಕರು. “ಕರಡಿಗೆ ಸಾಯಲಾರದಾಂವ ಬಾವಲಿಗೆ ಸತ್ತನೇನ್ರಿ?”

ತರುಣನು ನಗಲಿಲ್ಲ. “ಕರಡಿ ಬಿದ್ದಾಗಿಂದ ನಿಮಗೆ ಒಂದೇ ಇತ್ತಾ ಸರ್?”

“ಹೌದು.”

ಕಂಪೌಂಡರ ನಗೆ ನಿಂತಿತು. “ಕುಪ್ಪಿ ನನ್ನ ಕಡೆನs ಇತ್ತಲ್ರಿ. ಹೇಳಬಾರದೇನ್ರಿ? ನೀವು ಯಾವಾಗಲೂ ಮುಂದ ಮುಂದ ಹೋಗ್ತಿದ್ರಿ. ಕರಡಿ ಮಾತು ಮರತು, ಪೂರಾ ಇಪ್ಪತ್ತು ಅದಾವ ಅಂತ ತಿಳಕೊಂಡಿದ್ವಿ.”

“ಯಾರೂ ಕೇಳಲಿಲ್ಲ. ಒಂದಿದ್ದರೂ ನೆಟ್ಟಗೆ ನಡೆಯಬಹುದೆಂಬುದು ನಿಯಮ.”

ಅಕ್ಕೋರು ನನ್ನನ್ನು ನೋಡಿದರು. ಬಳಿಕ ನಾವು ಕೂತಿದ್ದ, ಒರೆಸಿ ಹೊಳೆಯುತ್ತಿದ್ದ ಕುರ್ಚಿಗಳನ್ನು ನೋಡಿದರು. ಆಮೇಲೆ ತರುಣನ ಕಡೆ ತಿರುಗಿದರು.

“ಸವದತ್ತಿಯಿಂದ ಇಲ್ಲಿಗೆ ಬಸ್ ಅದಾವಿಲ್ಲ?”

“ಇವೆ ಅಕ್ಕೋರೇ.”

“ಹಂಗಾರ ಐತವಾರಕ್ಕೊಮ್ಮೆ ಬರ್ರಿ. ರೊಟ್ಟಿ ನಾ ತರತೇನಿ, ಸರ್‌ಗೂ ತಿನಸತೇನಿ. ಅವರಿಗೆ ಒಂದs ಉಳದೈತಿ. ಊರಾಗ ಬಾವಲಿ ಭಾಳ ಅದಾವ.”