ಒಂದನೇ ಹಾಸಿಗೆಯ ಪಿತ್ತಾಶ್ಮರಿ

ಜಗತ್ತಿನಲ್ಲಿ ಪಿತ್ತಾಶ್ಮರಿ ಬಂದ ಕಟ್ಟಕಡೆಯ ಮನುಷ್ಯ ನಾನೇ. ಚೀಟಿಯಲ್ಲಿ ಆ ಪದ ಬರೆದ ವೈದ್ಯರು ತೀರಿಕೊಂಡರು, ಮೊಹರು ಒತ್ತಿದ ಗುಮಾಸ್ತನೂ ತೀರಿಕೊಂಡ. ಹೀಗಾಗಿ ಇದನ್ನು ನೀವು ನನ್ನ ಬಾಯಿಂದಲೇ ಕೇಳಬೇಕು.

ನನ್ನ ನಂತರ ಆ ರೋಗ ಯಾರಿಗೂ ಬರಲಿಲ್ಲ. ಹೊಟ್ಟೆಯಲ್ಲಿ ಕಲ್ಲು ಆಗುತ್ತಲೇ ಇತ್ತು, ಆದರೆ ಎಲ್ಲರೂ ಅದನ್ನು ಪಿತ್ತಕೋಶದ ಕಲ್ಲು ಅನ್ನತೊಡಗಿದ್ದರು. ಮದುವೆಗೆ ಮುಂಚಿನ ಮಾತು. ನಾನು ಲಾರಿ ನಿಲ್ಲಿಸಿ, ಬಲಪಕ್ಕೆ ಹಿಡಿದುಕೊಂಡು ದೊಡ್ಡಾಸ್ಪತ್ರೆಗೆ ಹೋದ ದಿನವೇ ಹಳೆ ವೈದ್ಯರ ನೌಕರಿಯ ಕೊನೆಯ ದಿನ. ಅವರು ಅಭ್ಯಾಸಬಲದಿಂದ ಹಳೆ ಪದ ಬರೆದು, ಹಾರ ಹಾಕಿಸಿಕೊಂಡು ಮನೆಗೆ ಹೋದರು.

ನನ್ನನ್ನು ಪಿತ್ತಾಶ್ಮರಿ ವಿಭಾಗದಲ್ಲಿ ಮಲಗಿಸಿದರು. ಹನ್ನೆರಡು ಹಾಸಿಗೆ, ಏಳು ಜನ ಸಿಬ್ಬಂದಿ, ರೋಗಿ ನಾನೊಬ್ಬನೇ. ಪಡಸಾಲೆ ದಾಟಿದರೆ ಹೊಸ ವಿಭಾಗ. ಅಲ್ಲಿ ದಿನಕ್ಕೆ ಆರು ಕಲ್ಲು ತೆಗೆಯುತ್ತಿದ್ದರು. ನಮ್ಮ ಕಡೆ ಒಂದನ್ನೂ ತೆಗೆಯುತ್ತಿರಲಿಲ್ಲ. ಕಾರಣ ಗೋಡೆಯ ಮೇಲೇ ಇತ್ತು, ಗುಮಾಸ್ತನಿಂದ ಓದಿಸಿ ಕೇಳಿದೆ:

"ಬಳಕೆ ತಪ್ಪಿದ ಪದಗಳ ವಿಭಾಗಗಳಿಗೆ ಸೂಚನೆ. ಪದವು ಬಳಕೆಯಲ್ಲಿರುವವರೆಗೆ ವಿಭಾಗವು ಮುಂದುವರಿಯತಕ್ಕದ್ದು. ರೋಗಿಯ ಸಮ್ಮುಖದಲ್ಲಿ ಸದರಿ ಪದವನ್ನು ದಿನಕ್ಕೆ ಮೂರು ಬಾರಿ ಸ್ಪಷ್ಟವಾಗಿ ಬಳಸಿ, ವಹಿಯಲ್ಲಿ ಸಹಿ ಮಾಡತಕ್ಕದ್ದು. ಕೊನೆಯ ರೋಗಿ ಗುಣವಾದ ದಿನ ಪದವೂ ಸಿಬ್ಬಂದಿಯೂ ರದ್ದು."

ಅವರು ನನ್ನನ್ನು ಅಂಗೈ ಮೇಲಿಟ್ಟು ನೋಡಿಕೊಂಡರು. ಬೆಳಿಗ್ಗೆ ಮೇಲ್ವಿಚಾರಕರು ಬಂದು ಪಿತ್ತಾಶ್ಮರಿ ಹೇಗಿದೆ ಎಂದು ವಿಚಾರಿಸಿ ಸಹಿ ಹಾಕುವರು. ಮಧ್ಯಾಹ್ನ ಹಿರಿಯ ನರ್ಸಮ್ಮ. ಸಂಜೆ ಕಸ ಗುಡಿಸುವವನು. ಅವನ ನಾಲಿಗೆ ತಡವರಿಸಿದರೆ ಮತ್ತೆ ಹೇಳಿಸುವರು. ಕಲ್ಲು ಸೊರಗೀತು ಎಂದು ಮೂರು ಹೊತ್ತೂ ಎಣ್ಣೆಯಲ್ಲಿ ಕರಿದದ್ದನ್ನೇ ತಿನ್ನಿಸಿದರು. ನೋವಿನ ಮಾತ್ರೆ ಮಾತ್ರ ಇರಲಿಲ್ಲ. ಬಂದ ಮಾತ್ರೆಗಳೆಲ್ಲ ಹೊಸ ಪದದ ಹೆಸರಿಗೆ ಬಂದಿದ್ದವು.

ಮೂರನೇ ತಿಂಗಳು ನನ್ನ ಕಣ್ಣು ಹಳದಿಯಾಯಿತು. ಗೋಡೆ ಹಿಡಿದುಕೊಂಡು ಹೊಸ ವಿಭಾಗಕ್ಕೆ ಹೋದೆ. ಸರ್ಜನ್ ಚೀಟಿ ನೋಡಿ, ಕಲ್ಲು ತಮ್ಮದೇ, ಪದ ತಮ್ಮದಲ್ಲ ಎಂದು ವಿಷಾದಿಸಿದರು. ಹೊಸ ಚೀಟಿ ಬರೆಯಿರಿ ಅಂದೆ. ಒಂದು ಹೊಟ್ಟೆಗೆ ಎರಡು ಪದ ಕೊಡುವಂತಿಲ್ಲ, ಮೊದಲು ಪಿತ್ತಾಶ್ಮರಿ ಗುಣವಾಗಿದೆಯೆಂದು ಪತ್ರ ತರಬೇಕು ಅಂದರು.

ವಾಪಸು ಬಂದು ಪತ್ರ ಕೇಳಿದೆ. ಏಳು ಜನವೂ ಹಾಸಿಗೆ ಸುತ್ತ ನಿಂತರು. ನರ್ಸಮ್ಮನಿಗೆ ಅಳುವೇ ಬಂತು.

"ನೀವು ಗುಣ ಆದ್ರೆ ನಾವೆಲ್ಲಿಗೆ ಹೋಗೋಣಪ್ಪ?"

"ಗುಣ ಆಗ್ದಿದ್ರೆ ನಾನು ಸ್ಮಶಾನಕ್ಕೆ ಹೋಗ್ತೀನಿ. ಆಗ ನೀವೆಲ್ಲಿಗೆ ಹೋಗ್ತೀರಮ್ಮ?"

ಇದು ಅವರಿಗೆ ಹೊಳೆದಿರಲಿಲ್ಲ. ಕೂಡಲೇ ಸಭೆ ಸೇರಿತು. ದಾರಿ ತೋರಿಸಿದ್ದೂ ನಾನೇ: ನಿಮಗೆ ಬೇಕಾದ್ದು ಪಿತ್ತಾಶ್ಮರಿ, ಈ ದೇಹ ತಗೊಂಡು ಏನು ಮಾಡ್ತೀರಿ ಅಂದೆ. ಸಂಜೆಯೊಳಗೆ ಆದೇಶ ಹೊರಟಿತು: "ಪಿತ್ತಾಶ್ಮರಿಯನ್ನು ರೋಗಿಯಿಂದ ಬೇರ್ಪಡಿಸಿ, ಒಂದನೇ ಹಾಸಿಗೆಯಲ್ಲಿ ಒಳರೋಗಿಯಾಗಿ ಮುಂದುವರಿಸತಕ್ಕದ್ದು. ರೋಗಿಯನ್ನು ಅದರ ಜೊತೆಗೆ ಬಂದವನೆಂದು ಪರಿಗಣಿಸಿ ಮನೆಗೆ ಕಳುಹಿಸತಕ್ಕದ್ದು."

ಆ ಆದೇಶ ನೋಡಿದ ಮೇಲೆ ಸರ್ಜನ್ ಕೊಯ್ದರು. ಕಲ್ಲು ಬೀಸುಕಲ್ಲಿನಷ್ಟಿತ್ತು, ಇಬ್ಬರು ಹೊತ್ತು ತಂದರು. ದಿಂಬಿಟ್ಟು, ಕುತ್ತಿಗೆವರೆಗೆ ಹೊದಿಸಿದರು. ಮೇಲ್ವಿಚಾರಕರು ಬೆಳಿಗ್ಗೆ ವಿಚಾರಿಸಿ ಸಹಿ ಹಾಕಿದರು. ಹಿಂದಿನ ರೋಗಿಯಂತೆ ಗೊಣಗುವುದಿಲ್ಲ, ಪಡಸಾಲೆ ದಾಟುವುದಿಲ್ಲ ಎಂದು ವರದಿ ಹೋಯಿತು. ಬೆನ್ನು ಹುಣ್ಣಾಗಬಾರದೆಂದು ಅದರ ಮಗ್ಗುಲು ಬದಲಿಸಲು ಎಂಟನೆಯವನನ್ನು ನೇಮಿಸಿದರು. ಇವತ್ತಿಗೂ ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸುತ್ತಿದೆಯಂತೆ.

ಪಕ್ಕದಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದ ನನ್ನ ಹೆಂಡತಿ ತಲೆ ಎತ್ತಿದಳು.

"ರೀ, ನಲವತ್ತು ವರ್ಷದಿಂದ ಆ ಹೊಟ್ಟೆ ನೋಡ್ತಿದ್ದೀನಿ. ಬೀಸುಕಲ್ಲು ಆಚೆ ಬಂದ ಗುರುತು ಎಲ್ರೀ? ಒಂದು ಗೀರೂ ಇಲ್ವಲ್ಲ."

ನಾನು ಭುಜ ಕುಣಿಸಿದೆ.

"ಗಾಯ ಆಸ್ಪತ್ರೆ ಸ್ವತ್ತು ಕಣೇ. ಮನೆಗೆ ತರೋಕೆ ಬಿಡ್ಲಿಲ್ಲ."