ಹಳದಿ ಬೋರ್ಡಿನ ದೋಣಿ

ಸೇಫ್ಟಿ ಆಫೀಸರ್ ಆದವನನ್ನು ಯಾರೂ ಮನಸಾರೆ ಊಟಕ್ಕೆ ಕರೆಯುವುದಿಲ್ಲ. ಕರೆದರೂ ಅವನು ಹೋಳಿಗೆ ಬಿಟ್ಟು ಶಾಮಿಯಾನದ ವೈರು ನೋಡುತ್ತಾನೆ; ಸಿಲಿಂಡರನ್ನು ಒಲೆಗೆ ಇಷ್ಟು ಹತ್ತಿರ ಯಾಕೆ ಇಟ್ಟಿದ್ದೀರಿ ಎಂದು ಅಡುಗೆಯವರ ತಲೆ ತಿನ್ನುತ್ತಾನೆ. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾರ್ಖಾನೆಯಲ್ಲಿ ನನಗೆ ಇದೇ ಉದ್ಯೋಗ. ಹೆಲ್ಮೆಟ್ ಹಾಕಿ, ಗ್ಲೌಸ್ ಹಾಕಿ ಎಂದು ದಿನವಿಡೀ ಗೊಣಗುವುದಕ್ಕೆ ಸಂಬಳ ಕೊಡುತ್ತಾರೆ. ಇದರಿಂದ ಜನರಿಗೆ ನನ್ನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಹುಟ್ಟಿದೆ: ಇವನು ಅಪಾಯವನ್ನು ಹತ್ತಿರದಿಂದ ಕಂಡವನು, ಧೈರ್ಯವಂತ ಎಂದು. ನಿಜ ಹೇಳಬೇಕೆಂದರೆ ನಾನು ಮಹಾ ಪುಕ್ಕಲ. ಅದರಲ್ಲೂ ನೀರೆಂದರೆ ಜೀವ ಬಾಯಿಗೆ ಬರುತ್ತದೆ. ದಾವಣಗೆರೆಯಲ್ಲಿ ಬೆಳೆದ ನನ್ನ ಪಾಲಿಗೆ ನೀರು ಎಂದರೆ ನಲ್ಲಿಯಲ್ಲಿ ಬಂದು ಬಕೆಟ್ಟಿನಲ್ಲಿ ನಿಲ್ಲುವ ವಸ್ತು. ಅದಕ್ಕಿಂತ ಆಳವಾದ ನೀರಿನ ಸಹವಾಸ ನಾನು ಮಾಡಿದವನಲ್ಲ. ಈ ಗುಟ್ಟು ನನ್ನ ಹೆಂಡತಿ ಶಾರದೆಯೊಬ್ಬಳಿಗೇ ಗೊತ್ತು.

ಗೊತ್ತಿಲ್ಲದವರಲ್ಲಿ ಮೊದಲಿಗರು ನಮ್ಮ ಮನೆ ಓನರ್ ಮುನಿರಾಜಣ್ಣ. ಅವರ ರಾಗಿ ಹೊಲದ ಮೇಲೆ ಈಗ ಗಾಜಿನ ಕಟ್ಟಡಗಳು ನಿಂತಿವೆ. ಆ ಕಟ್ಟಡಗಳಿಗೆ ಬರುವ ಹುಡುಗ ಹುಡುಗಿಯರನ್ನು ಹೊತ್ತು ತರುವ ಕ್ಯಾಬುಗಳೂ ಟೆಂಪೋ ಟ್ರಾವೆಲರ್‌ಗಳೂ ಅವರವೇ. ಒಂದು ಭಾನುವಾರ ಬೆಳಗ್ಗೆ ಅವರು ಮೆಟ್ಟಿಲು ಹತ್ತಿ ಬಂದರು. ಆನೇಕಲ್ ಕಡೆಯ ಒಂದು ಕೆರೆಯಲ್ಲಿ ದೋಣಿ ಓಡಿಸುವ ಟೆಂಡರ್ ಅವರಿಗೆ ಸಿಕ್ಕಿತ್ತು. ನೆಂಟರೆಲ್ಲ "ಚಕ್ರ ಬಿಟ್ಟು ನೀರಿಗಿಳಿದ್ಯೇನೋ" ಎಂದು ನಗುತ್ತಿದ್ದರಂತೆ. ಹಾಗಾಗಿ ದೋಣಿ ಓಡಿಸಿ ತೋರಿಸಲೇಬೇಕೆಂಬ ಹಟ ಅವರಿಗೆ.

"ಸಾರ್, ನೀವು ಸೇಫ್ಟಿನವ್ರಲ್ವಾ? ನಮ್ ಬೋಟ್‌ಗೂ ಒಂದು ಎಫ್‌ಸಿ ಮಾಡಿಸ್ಕೊಡಿ" ಎಂದರು. ಗಾಡಿಗಳಿಗೆ ಆರ್‌ಟಿಒದವರು ಕೊಡುವ ಫಿಟ್‌ನೆಸ್ ಸರ್ಟಿಫಿಕೇಟಿನಂಥದ್ದೇ ದೋಣಿಗೂ ಬೇಕೆಂಬುದು ಅವರ ಲೆಕ್ಕ.

ನನಗೆ ಗೊತ್ತಿರುವುದು ಕಾರ್ಖಾನೆಯ ಯಂತ್ರಗಳು, ದೋಣಿಗೆ ಸರ್ಟಿಫಿಕೇಟ್ ಕೊಡಲು ಸರ್ಕಾರದ ಸರ್ವೇಯರ್ ಬರುತ್ತಾರೆ ಎಂದೆ. "ಬರ್ಲಿ ಸಾರ್. ಅವ್ರು ಬರೋಕ್ ಮುಂಚೆ ಏನೇನ್ ಬೇಕು ಅಂತ ನೀವು ಏಳಿ. ಸೇಫ್ಟಿ ಎಲ್ಲಾ ಒಂದೇ" ಎಂದು ತೀರ್ಪು ಕೊಟ್ಟು ಕಾಫಿ ಕುಡಿದು ಇಳಿದರು.

ನಾನು ನಿಯಮಗಳನ್ನು ಓದಲು ಕುಳಿತೆ. ಓದುತ್ತಾ ಓದುತ್ತಾ ಆನಂದವಾಯಿತು. ದುಡ್ಡು ಕೊಟ್ಟು ಹತ್ತುವ ಪ್ರತಿಯೊಬ್ಬನಿಗೂ ಲೈಫ್ ಜಾಕೆಟ್ ಬೇಕು. ಎಷ್ಟು ಜನ ಕೂರಬಹುದೆಂದು ದೋಣಿಯ ಮೇಲೆ ಬರೆದಿರಬೇಕು. ಅಷ್ಟು ಜನರ ಭಾರದ ಮೂಟೆ ಹೇರಿ, ದೋಣಿ ಎಷ್ಟು ಮುಳುಗುತ್ತದೆ, ಎಷ್ಟು ವಾಲುತ್ತದೆ ನೋಡಬೇಕು. ಬರೆದವನು ಯಾರೋ ನನ್ನಂಥವನೇ ಇರಬೇಕು, ನೀರನ್ನು ಒಂದು ಕ್ಷಣವೂ ನಂಬದವನು.

ದೋಣಿ ನೋಡಲು ಹೋದೆ. ಅದು ಮುನಿರಾಜಣ್ಣನ ಶೆಡ್ಡಿನಲ್ಲಿ ಎರಡು ಟೆಂಪೋ ಟ್ರಾವೆಲರ್‌ಗಳ ನಡುವೆ ನಿಂತಿತ್ತು. ಮೂತಿಗೆ ಹಳದಿ ಬೋರ್ಡು, ಅದರ ಕೆಳಗೆ ನಿಂಬೆಹಣ್ಣು ಮೆಣಸಿನಕಾಯಿ, ಹಿಂದೆ "ಸೌಂಡ್ ಹಾರ್ನ್". ಬಾಡಿಗೆ ಗಾಡಿ ಅಂದ ಮೇಲೆ ಹಳದಿ ಬೋರ್ಡು ಇರಬೇಡವೇ ಎಂಬುದು ಅವರ ವಾದ. ಇದಕ್ಕೆಲ್ಲ ನಾನು ತಕರಾರು ಮಾಡಲಿಲ್ಲ. ಒಳಗೆ ಇಣುಕಿದ ಮೇಲೆ ಮಾತ್ರ ಸುಮ್ಮನಿರಲಾಗಲಿಲ್ಲ. ಹಳೆಯ ಕ್ಯಾಬಿನ ಸೀಟುಗಳನ್ನು ಸಾಲಾಗಿ ಕೂರಿಸಿ, ಪ್ರತಿ ಸೀಟಿಗೂ ಸೀಟ್ ಬೆಲ್ಟ್ ಬಿಗಿಸಿದ್ದರು.

"ಕಂಪನಿಯವ್ರು ಬೆಲ್ಟ್ ಇಲ್ದಿದ್ರೆ ಗಾಡೀನೇ ಒಳಕ್ ಬಿಡಲ್ಲ ಸಾರ್" ಎಂದರು ಹೆಮ್ಮೆಯಿಂದ.

"ಮುನಿರಾಜಣ್ಣ, ದೋಣಿ ಮಗುಚಿದ್ರೆ ಜನ ಹೊರಗೆ ಬರ್ಬೇಕು. ಇದ್ರಲ್ಲಿ ಕಟ್ಟಿಹಾಕಿದಂಗೆ ಒಳಗೇ ಉಳೀತಾರೆ."

"ಪೂಜೆನೇ ಆಗಿಲ್ಲ, ಆಗ್ಲೇ ಮಗುಚೋ ಮಾತ್ಯಾಕ್ ಆಡ್ತೀರಾ?" ಎಂದು ಮುಖ ಸಣ್ಣ ಮಾಡಿಕೊಂಡರು. ಬೆಲ್ಟುಗಳನ್ನು ಬಿಚ್ಚಿಸುವಷ್ಟರಲ್ಲಿ ಸಾಕುಸಾಕಾಯಿತು.

ಮುಂದಿನ ಜಗಳ ಲೈಫ್ ಜಾಕೆಟ್ಟಿನದು. ಗಾಡಿಗಳ ಎಫ್‌ಸಿ ವಿಷಯದಲ್ಲಿ ನಮ್ಮ ಕಡೆ ಒಂದು ಪದ್ಧತಿ ಇದೆ. ಆ ದಿನದ ಮಟ್ಟಿಗೆ ಒಂದು ಗಾಡಿಯ ಒಳ್ಳೆಯ ಟೈರು ಇನ್ನೊಂದಕ್ಕೆ ಬರುತ್ತದೆ, ಬೆಂಕಿ ಆರಿಸುವ ಸಿಲಿಂಡರ್ ಮತ್ತೊಂದರಿಂದ ಬರುತ್ತದೆ. ಸಂಜೆಗೆ ಎಲ್ಲವೂ ತವರಿಗೆ ವಾಪಸ್. ಮುನಿರಾಜಣ್ಣ ಅದೇ ರೀತಿ ಪರಿಚಯದ ರೆಸಾರ್ಟಿನವರಿಂದ ಜಾಕೆಟ್ ತರಿಸುವವರಿದ್ದರು. "ಸರ್ವೇಯರ್ ಹೋದ ಮೇಲೆ ಹತ್ತೋರು ಏನು ಮಾಡ್ಬೇಕು?" ಎಂದು ನಾನು ರೇಗಿದೆ. ಸ್ವಂತ ಜಾಕೆಟ್ ಕೊಳ್ಳದಿದ್ದರೆ ಈ ಕೆಲಸದಿಂದ ಕೈ ತೊಳೆದುಕೊಳ್ಳುತ್ತೇನೆ ಎಂದೆ. ಓಣಿಯಲ್ಲೆಲ್ಲ ನನ್ನ ಪ್ರಾಮಾಣಿಕತೆಯ ಗುಣಗಾನವಾಯಿತು. ನನ್ನ ಮನಸ್ಸಿನಲ್ಲಿದ್ದದ್ದೇ ಬೇರೆ. ಇಷ್ಟು ಖರ್ಚಾಗುವುದಾದರೆ ಬೇಡವೆಂದು ಅವರು ದೋಣಿಯನ್ನು ಮಾರಿಬಿಡಬಹುದು, ನನ್ನನ್ನು ಯಾರೂ ಅದರಲ್ಲಿ ಕೂರು ಎನ್ನಲಾರರು ಎಂಬ ಸಣ್ಣ ಆಸೆ. ಹಟಕ್ಕೆ ಬಿದ್ದ ಮನುಷ್ಯ ಹೊಸ ಜಾಕೆಟ್‌ಗಳನ್ನೇ ತಂದರು. ಸರ್ವೇಯರ್ ಬಂದರು, ಮರಳು ಮೂಟೆ ಹೇರಿಸಿದರು, ದೋಣಿ ನಡೆಸುವ ಡ್ರೈವರನ್ನು ಪ್ರಶ್ನೆ ಕೇಳಿದರು. ಸ್ವಲ್ಪ ದಿನದಲ್ಲಿ ಸರ್ಟಿಫಿಕೇಟ್ ಬಂದೇಬಿಟ್ಟಿತು.

ಮೊದಲ ಭಾನುವಾರ ಕೆರೆ ಏರಿಯ ಮೇಲೆ ಜಾತ್ರೆಯಷ್ಟು ಜನ. ಆದರೆ ಟಿಕೆಟ್ ಕೇಳುವವರೇ ಇಲ್ಲ. ಬೆಂಗಳೂರಿನವರಿಗೆ ಕೆರೆ ಎಂದರೆ ದೂರದಿಂದ ಮೂಗು ಮುಚ್ಚಿಕೊಂಡು ನೋಡುವ ಜಾಗ. ಅದರ ಮೇಲೆ ಹೋಗುವ ಅಭ್ಯಾಸ ಯಾರಿಗಿದೆ? ನೆಂಟರು ಒಂದು ಪಕ್ಕದಲ್ಲಿ ನಿಂತು ಮುಸಿಮುಸಿ ನಗುತ್ತಿದ್ದರು. ಮುನಿರಾಜಣ್ಣನ ಮುಖ ಬಾಡಿತ್ತು. ಅದನ್ನು ನೋಡಿ ನನಗೂ ಬೇಸರವಾಯಿತು, ಆದರೆ ಹತ್ತುವಷ್ಟು ಬೇಸರವಾಗಲಿಲ್ಲ. ಅಷ್ಟರಲ್ಲಿ ಗುಂಪಿನಲ್ಲಿ ಯಾರೋ, "ಸೇಫ್ಟಿ ಸಾರ್ ಮೊದ್ಲು ಕೂತ್ಕೊಳ್ಲಿ, ಆಮೇಲ್ ನಾವು" ಎಂದುಬಿಟ್ಟರು.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ದೋಣಿಯನ್ನು ಒಂದು ಸುತ್ತು ನೋಡಿದೆ. ಏನಾದರೂ ಒಂದು ಕೊರತೆ ಸಿಕ್ಕಿದ್ದರೆ ಬದುಕಿಕೊಳ್ಳುತ್ತಿದ್ದೆ. ಜಾಕೆಟ್ ಇದೆ, ಎಸೆಯುವ ರಿಂಗ್ ಇದೆ, ಹಗ್ಗ ಇದೆ, ಎಷ್ಟು ಜನ ಕೂರಬಹುದೆಂದು ಬರೆದಿದೆ. ಹಾಳಾದ್ದು ಎಲ್ಲವೂ ನಾನು ಹೇಳಿದಂತೆಯೇ ಇತ್ತು.

"ಹತ್ರೀ ಸುಮ್ನೆ, ಎಲ್ಲಾರೂ ನೋಡ್ತಿದಾರೆ" ಎಂದು ಶಾರದೆ ಕಿವಿಯಲ್ಲಿ ಹೇಳಿ, ತಾನೇ ಜಾಕೆಟ್ಟಿನ ಪಟ್ಟಿ ಬಿಗಿದು ನನ್ನನ್ನು ಒಳಗೆ ತಳ್ಳಿ ಪಕ್ಕದಲ್ಲಿ ಕುಳಿತಳು. ದೋಣಿ ಹೊರಟಿತು. ಕೆರೆ ಹೇಗಿತ್ತು ಎಂದು ಕೇಳಬೇಡಿ. ದಡ ಬಿಟ್ಟಾಗ ಮುಚ್ಚಿದ ಕಣ್ಣನ್ನು ದಡ ಮುಟ್ಟಿದ ಮೇಲೆಯೇ ತೆರೆದೆ. ಕಾಲು ನೆಲಕ್ಕೆ ತಾಗುವ ಹೊತ್ತಿಗೆ ಟಿಕೆಟಿಗೆ ಸಾಲು ನಿಂತಿತ್ತು, ನೆಂಟರೂ ಅದರಲ್ಲಿದ್ದರು.

ಈಗ ದೋಣಿಯ ಟಿಕೆಟ್ ಕೌಂಟರಿನಲ್ಲಿ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ತೂಗುಹಾಕಿದ್ದಾರೆ. ಅದನ್ನು ಯಾರೂ ಓದುವುದಿಲ್ಲ. ಅದರ ಪಕ್ಕದಲ್ಲಿ ಅದಕ್ಕಿಂತ ದೊಡ್ಡದಾಗಿ, ದೋಣಿಯಲ್ಲಿ ಕಣ್ಣು ಮುಚ್ಚಿ ಕುಳಿತ ನನ್ನ ಫೋಟೋ. ಅನುಮಾನ ಪಡುವ ಗಿರಾಕಿಗಳಿಗೆ ಮುನಿರಾಜಣ್ಣ ಅದನ್ನೇ ತೋರಿಸುತ್ತಾರೆ: "ನೋಡಿ ಸಾರ್, ದೊಡ್ ಸೇಫ್ಟಿ ಆಫೀಸರ್ರು. ಬೋಟಲ್ಲಿ ಎಂಗ್ ನಿದ್ದೆ ಒಡೀತಾವ್ರೆ!" ಜನ ಧೈರ್ಯ ತಂದುಕೊಂಡು ಹತ್ತುತ್ತಾರೆ. ಮೊನ್ನೆ ಬಾಡಿಗೆ ಕೊಡಲು ಹೋದಾಗ ಅವರು ಇನ್ನೊಂದು ಮಾತು ಹೇಳಿದರು. ಸರ್ಟಿಫಿಕೇಟಿನ ವಾಯಿದೆ ಮುಗಿಯುತ್ತಾ ಬಂತಂತೆ, ಮತ್ತೆ ಸರ್ವೆ ಮಾಡಿಸಬೇಕಂತೆ. ಅದರ ಜೊತೆಗೇ ನನ್ನನ್ನು ಒಂದು ರೌಂಡ್ ಕರೆದುಕೊಂಡು ಹೋಗಿ ಫೋಟೋ ಕೂಡ ಹೊಸದು ಮಾಡಿಸುತ್ತಾರಂತೆ. "ಅದೇ ತರ ನೆಮ್ದಿಯಾಗ್ ಕೂತ್ಕೊಳಿ ಸಾರ್, ಸಾಕು" ಎಂದರು. ಅದೇ ತರ ಕೂರುವುದರ ಬಗ್ಗೆ ಅವರು ಚಿಂತಿಸಬೇಕಾಗಿಲ್ಲ ಎಂದು ಭರವಸೆ ಕೊಟ್ಟು ಬಂದಿದ್ದೇನೆ.